ಕುರಿಯೂ ಮರವೂ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇದನ್ನು ಮೊದಲು ಆಡಿದವನು ಯಾರೋ ತಿಳಿಯದು. ಆತ ಕುರಿಮೇಕೆ ಸಾಕಿದವನಿರಬೇಕು, ಇಲ್ಲವೆ ಅವುಗಳ ಬಾಯಿಗೆ ತನ್ನ ಹಿತ್ತಿಲನ್ನು ಕಳೆದುಕೊಂಡವನಿರಬೇಕು. ಗಾದೆಯಲ್ಲಿರುವುದು ಆಡು ಮಾತ್ರ. ಆದರೂ ಲೋಕವು ಆಡಿನ ಪಾಪವನ್ನು ಕುರಿಯ ತಲೆಗೂ ಕಟ್ಟಿ, ಎರಡನ್ನೂ ಕಾಯುವವನನ್ನು ಮರಗಿಡಗಳ ಶತ್ರುವೆಂದು ಎಂದೋ ತೀರ್ಮಾನಿಸಿಬಿಟ್ಟಿದೆ. ಹೀಗಿರುವಲ್ಲಿ ಕುರಿ ಕಾಯುವ ಮನೆಯಿಂದ ಬಂದ ನಾನು ಮರ ಬೆಳೆಸುವ ವಿಚಾರ ಬರೆಯಹೊರಟರೆ, ಬೆಕ್ಕು ತಾನಾಗಿಯೇ ಹಾಲಿನ ಕಾವಲಿಗೆ ಬಂದು ನಿಂತಂತಾಯಿತೆಂದು ಸ್ನೇಹಿತರು ನಕ್ಕಾರು. ನಗಲಿ. ನಗುತ್ತಲಾದರೂ ಕೊನೆಯವರೆಗೆ ಓದಿದರೆ ಸಾಕು.

ನಮ್ಮೂರು ಹಿರಿಯೂರು ತಾಲ್ಲೂಕಿನಲ್ಲಿ, ಒಂದು ಕಲ್ಲುಗುಡ್ಡದ ಬುಡಕ್ಕೆ ಅಂಟಿಕೊಂಡಿರುವ ನಲವತ್ತು ಮನೆಗಳ ಹಟ್ಟಿ. ಆ ಸೀಮೆಯ ಮಳೆಯ ವಿಚಾರ ಹೇಳಬೇಕಾದರೆ ಒಂದೇ ಮಾತು ಸಾಕು. ವಾಣಿವಿಲಾಸ ಸಾಗರ, ನಮ್ಮ ಹಿರಿಯರ ಬಾಯಲ್ಲಿ ಮಾರಿಕಣಿವೆ, ಕಟ್ಟಿ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಹರಿದದ್ದು 1933ರಲ್ಲಿ; ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷ ಕಳೆದುಹೋದುವು. ಮೊದಲ ಕೋಡಿಯನ್ನು ಕಂಡವರ ಮೊಮ್ಮಕ್ಕಳು ಮುದುಕರಾಗಿ ಎರಡನೆಯದನ್ನು ಕಂಡರು. ಇಂತಹ ಸೀಮೆಯಲ್ಲಿ ಬೇಸಾಯವೆಂಬುದು ಒಂದು ಬಗೆಯ ಜೂಜು. ಶೇಂಗಾ ಕೈಕೊಟ್ಟ ವರ್ಷ ಮನೆಯನ್ನು ಹಿಡಿದು ನಿಲ್ಲಿಸುವುದು ಕುರಿ. ಮದುವೆಯಾಗಲಿ, ಆಸ್ಪತ್ರೆಯಾಗಲಿ, ಮನೆಯ ಮಾಳಿಗೆಯಾಗಲಿ, ಒಂದು ಟಗರು ಸಂತೆಗೆ ಹೋಗಿ ಬಂದರೆ ಕೆಲಸ ಆಯಿತು. ನಾನು ಬಿ.ಎ. ತರಗತಿಗೆ ಬಂದು ಕುಳಿತದ್ದೂ ಎರಡು ಟಗರುಗಳ ಬೆನ್ನೇರಿಯೇ. ನನ್ನ ಫೀಸು ಮತ್ತು ಹಾಸ್ಟೆಲಿನ ಮುಂಗಡ ಅವುಗಳ ಬೆಲೆಗೆ ಸರಿಹೋಯಿತು. ಅವುಗಳ ಋಣ ನನ್ನ ಮೇಲಿದೆ. ಈ ಲೇಖನವನ್ನು ಆ ಋಣದ ಒಂದು ಕಂತೆಂದು ತಿಳಿಯಬಹುದು.

ನಮ್ಮಂತಹ ಮನೆಗಳು ಕೆಲವೇ ಎಂದು ಪಟ್ಟಣದ ಸ್ನೇಹಿತರು ಭಾವಿಸಬಾರದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿದ್ದ ಕುರಿಗಳು ಸುಮಾರು 1 ಕೋಟಿ 10 ಲಕ್ಷ. ತೆಲಂಗಾಣ, ಆಂಧ್ರಪ್ರದೇಶಗಳನ್ನು ಬಿಟ್ಟರೆ ಆ ಲೆಕ್ಕದಲ್ಲಿ ನಮ್ಮದೇ ಮೂರನೆಯ ಸ್ಥಾನ. ದಖನಿ, ಬಳ್ಳಾರಿ, ಹಾಸನ, ಬನ್ನೂರು, ಕೆಂಗುರಿ ಎಂದು ಸೀಮೆಗೊಂದು ತಳಿ. ಚಳ್ಳಕೆರೆಯ ಕರಿಯ ಕಂಬಳಿಯನ್ನು ಹೊದೆಯದವರೂ ಅದರ ಹೆಸರನ್ನು ಬಲ್ಲರು. ಇಷ್ಟು ಕುರಿಗಳ ಹೊಟ್ಟೆ ತುಂಬುವುದು ಎಲ್ಲಿ ಎಂಬುದನ್ನು ಮಾತ್ರ ಊಟದ ಎಲೆಯ ಮುಂದೆ ಕುಳಿತವರು ಯೋಚಿಸುವುದು ಕಡಿಮೆ.

ಕುರಿಯ ವರ್ಷ ಯುಗಾದಿಯಿಂದ ಯುಗಾದಿಗೆ ನಡೆಯುವುದಿಲ್ಲ. ಅದು ಬಿತ್ತನೆಯಿಂದ ಬಿತ್ತನೆಗೆ ನಡೆಯುತ್ತದೆ. ಕೊಯ್ಲು ಮುಗಿದ ಮೇಲೆ ಹೊಲಗಳೆಲ್ಲ ಬಾಗಿಲು ತೆರೆದ ಮನೆಗಳಿದ್ದಂತೆ. ಶೇಂಗಾ ಕಿತ್ತ ಹೊಲ, ರಾಗಿಯ ಕೂಳೆ, ಅವರೆಯ ಉದುರೆಲೆ ಎಲ್ಲವೂ ಕುರಿಗೆ ಸಲ್ಲುತ್ತವೆ. ಆಗ ಹೊಲದವರೇ ಅಪ್ಪನನ್ನು ಕರೆದು, “ನಮ್ಮ ಹೊಲದಾಗೆ ನಾಕು ರಾತ್ರಿ ಮಂದೆ ತರುಬಪ್ಪ” ಎಂದು ಕೇಳುವುದುಂಟು. ಹಿಕ್ಕೆ ಗೊಬ್ಬರಕ್ಕೆ ಪ್ರತಿಯಾಗಿ ರಾಗಿಯೋ ಹಣವೋ ಸಿಗುತ್ತದೆ. ಬೇಸಗೆ ಬಲಿತಾಗ ನೀರಿನ ಕಡೆಗೆ, ತೋಟದ ಸೀಮೆಗಳ ಕಡೆಗೆ ವಲಸೆ. ಮುಂಗಾರಿನ ಮೊದಲ ಹದ ಮಳೆ ಬಿದ್ದು ನೇಗಿಲು ಇಳಿಯಿತೆಂದರೆ ಮಾತ್ರ ತೆರೆದಿದ್ದ ಬಾಗಿಲುಗಳೆಲ್ಲ ಒಮ್ಮೆಗೇ ಮುಚ್ಚುತ್ತವೆ. ನಿನ್ನೆ ಕರೆದು ತರುಬಿಸಿಕೊಂಡವನೇ ಇಂದು ಬದುವಿನ ಮೇಲೆ ದೊಣ್ಣೆ ಹಿಡಿದು ನಿಲ್ಲುತ್ತಾನೆ. ಅದು ಅವನ ತಪ್ಪಲ್ಲ. ಅವನ ಬೆಳೆ ಅವನ ಪ್ರಾಣ. ಆ ಬಿತ್ತನೆಯಿಂದ ಕೊಯ್ಲಿನವರೆಗೆ, ಐದಾರು ತಿಂಗಳು, ನಮ್ಮ ಹಟ್ಟಿಯ ಕುರಿಗಳಿಗೆ ಇರುವ ಒಂದೇ ತಾವು ನಮ್ಮ ಗುಡ್ಡ.

ಈಗ ಮರ ನೆಡುವವರ ಪಂಚಾಂಗವನ್ನು ನೋಡೋಣ. ಒಣ ಸೀಮೆಯಲ್ಲಿ ಸಸಿ ಊರುವುದು ಮುಂಗಾರಿನಲ್ಲಿ. ಗುಣಿ ತೆಗೆದು, ಹದ ಮಳೆಗೆ ಕಾದು, ಸಸಿ ಇಟ್ಟು, ಅದರ ಸುತ್ತ ಕಾವಲು ಹಾಕಬೇಕು. ಅಂದರೆ ಗುಡ್ಡ ಕುರಿಗೆ ಬೇಕೇ ಬೇಕಾಗುವ ಕಾಲವೂ ಅದೇ, ಗುಡ್ಡವನ್ನು ಕುರಿಗೆ ಮುಚ್ಚುವ ಕಾಲವೂ ಅದೇ. ಕುರಿಗೂ ಮರಕ್ಕೂ ಹುಟ್ಟಿನಿಂದ ಹಗೆತನವಿಲ್ಲ. ಇಬ್ಬರೂ ಒಂದೇ ತಿಂಗಳಿನಲ್ಲಿ ಒಂದೇ ನೆಲವನ್ನು ಕೇಳುತ್ತಾರೆ. ಜಗಳ ಹುಟ್ಟುವುದು ಅಲ್ಲಿ. ಈ ಸರಳ ಸಂಗತಿಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿದವನಲ್ಲ. ಎರಡು ವರ್ಷಗಳ ಹಿಂದೆ ನಮ್ಮ ಗುಡ್ಡದ ಸುತ್ತ ಟ್ರೆಂಚು ಬಿದ್ದಾಗ ಕಣ್ಣಾರೆ ಕಂಡೆ.

ಟ್ರೆಂಚು ತೋಡುವ ಯಂತ್ರ ಬಂದದ್ದು ಒಂದು ಸೋಮವಾರ. ಗುರುವಾರದ ಹೊತ್ತಿಗೆ ಗುಡ್ಡದ ಮುಕ್ಕಾಲು ಸುತ್ತು ಮುಗಿದಿತ್ತು. ನೆಡುವವರ ಉದ್ದೇಶ ಒಳ್ಳೆಯದೇ. ಹೊಂಗೆ, ಬೇವು, ನೇರಳೆ, ಹುಣಸೆ ಸಸಿಗಳ ಲಾರಿ ಬಂದಾಗ ನನಗೆ ಸಂತೋಷವೇ ಆಯಿತು. ಬೋಳುಗುಡ್ಡ ಹಸುರಾಗುವುದನ್ನು ಬೇಡವೆನ್ನುವ ಮೂಢ ಯಾರು? ಆದರೆ ಐದು ವರ್ಷ ಗುಡ್ಡಕ್ಕೆ ಕುರಿ ಕಾಲಿಡಬಾರದೆಂಬ ಮಾತು ಹಿಂದೆಯೇ ಬಂತು. ಅರಳಿಕಟ್ಟೆಯ ಬಳಿ ಸೇರಿದ ಜನರಲ್ಲಿ ಅಪ್ಪ ಎದ್ದು ನಿಂತು, “ಮರ ಬ್ಯಾಡ ಅಂತ ಯಾರಂದ್ರು ಸ್ವಾಮಿ? ಗುಡ್ಡದ ಎಲ್ಲಾ ಬಾಗ್ಲೂ ಒಂದೇ ಸಲ ಮುಚ್ಚಬ್ಯಾಡ್ರಿ ಅಂತೀನಿ” ಎಂದರು. ಬಂದವರು ಸಮಾಧಾನವಾಗಿಯೇ ಕೇಳಿಸಿಕೊಂಡರು, ಬರೆದುಕೊಂಡಂತೆ ಕಾಣಲಿಲ್ಲ. ಆ ಆಷಾಢದಲ್ಲಿ ಅಪ್ಪ ಅರವತ್ತು ಕುರಿಗಳ ಮಂದೆಯಿಂದ ಇಪ್ಪತ್ತೆರಡನ್ನು ಸಂತೆಗೆ ಹೊಡೆದರು. ಮಳೆಗಾಲದ ಸಂತೆಯಲ್ಲಿ ಎಲ್ಲರೂ ಮಾರುವವರೇ. ಬೆಲೆ ಬಂದದ್ದು ಅಷ್ಟಕ್ಕಷ್ಟೇ. ಅವ್ವ ಮೂರು ದಿನ ರೊಪ್ಪದ ಕಡೆಗೆ ಹೋಗಲಿಲ್ಲ.

ನೆಟ್ಟ ಸಸಿಗಳ ಗತಿಯೇನಾಯಿತೆಂದು ಕೇಳಬಹುದು. ಮೊದಲ ಬೇಸಗೆಯಲ್ಲಿಯೇ ಗುಡ್ಡದ ನೆತ್ತಿಯ ಮೇಲಿನವು ಒಣಗಿದುವು. ಹಳ್ಳದ ಮಗ್ಗುಲಿನವು ಉಳಿದಿವೆ. ಇನ್ನು ಕೆಲವನ್ನು ರಾತ್ರಿ ಹೊತ್ತು ಟ್ರೆಂಚು ದಾಟಿಸಿದ ಮೇಕೆಗಳು ತಿಂದುವು. ಕಾವಲಿಗೆ ಇದ್ದವನು ಒಬ್ಬ, ಗುಡ್ಡಕ್ಕೆ ನಾಲ್ಕು ಮಗ್ಗುಲು. ಊರೆಲ್ಲ ಒಪ್ಪದ ಕಾವಲನ್ನು ಒಬ್ಬ ಕಾಯಲಾರ.

ನಮ್ಮ ಹಿರಿಯರಿಗೆ ನೆಡುತೋಪುಗಳ ಮೇಲೆ ಇರುವ ಅಪನಂಬಿಕೆಗೆ ಹಳೆಯ ಕಾರಣವೂ ಇದೆ. ಅದಕ್ಕೆ ನೀಲಗಿರಿ ಎಂದು ಹೆಸರು. ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆಂದು ಹೇಳುವ ಈ ಆಸ್ಟ್ರೇಲಿಯದ ಮರ, ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ, ತುಮಕೂರು ಜಿಲ್ಲೆಗಳ ಹೊಲಗಳಿಗೂ ಗೋಮಾಳಗಳಿಗೂ ನುಗ್ಗಿತು. ಬೇಗ ಬೆಳೆಯುತ್ತದೆ, ಕಾರ್ಖಾನೆಗೆ ಮಾರಿದರೆ ದುಡ್ಡು, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ದನಕುರಿ ಮೂಸಿಯೂ ನೋಡುವುದಿಲ್ಲ. ಈ ಕೊನೆಯ ಗುಣವನ್ನೇ ನೆಡುವವರು ದೊಡ್ಡದಾಗಿ ಹೊಗಳಿದರು. ಕುರಿ ಕಾಯುವವನಿಗೆ ಅದಕ್ಕಿಂತ ದೊಡ್ಡ ದೋಷ ಮತ್ತೊಂದಿಲ್ಲ. ತಿನ್ನಲು ಎಲೆಯಿಲ್ಲ, ಬುಡದಲ್ಲಿ ಹುಲ್ಲಿಲ್ಲ; ನೆರಳೆಂಬುದು ಹೆಸರಿಗೆ ಮಾತ್ರ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಸಸಿತೋಟಕ್ಕೆ ಹೋಗಿ, ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿ ಹುಣಸೆ ಮಾವುಗಳ ಬೀಜ ಊರಿದ ಸುದ್ದಿಯನ್ನು ನಮ್ಮ ತಾತ ಬಹಳ ದಿನ ಹೇಳುತ್ತಿದ್ದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ತಾತ ಅದನ್ನು ಕೇಳಲು ಇರಲಿಲ್ಲ.

ಇನ್ನೊಂದು ಅತಿಥಿ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಅದರ ತವರು ಅಮೆರಿಕ ಖಂಡ. ಕೆರೆಯಂಗಳ, ಹಳ್ಳದ ದಂಡೆ, ಪಾಳುಬಿದ್ದ ಹೊಲಗಳೆಲ್ಲ ಇಂದು ಅದರವು. ಇದರ ವಿಚಾರದಲ್ಲಿ ನಮ್ಮ ಕುರಿಗಳು ನಿರಪರಾಧಿಗಳೆಂದು ನಾನು ವಾದಿಸಲಾರೆ. ಅದರ ಸಿಹಿಗಾಯಿ ಅವಕ್ಕೆ ಬಲು ಇಷ್ಟ. ತಿಂದ ಕಾಯಿಯ ಬೀಜ ಹಿಕ್ಕೆಯ ಜೊತೆಗೆ ಊರೂರು ಸುತ್ತಿ ಬೀಳುತ್ತದೆ. ಮುಳ್ಳು ಗೊರಸಿಗೆ ನೆಟ್ಟು ಕುಂಟುವ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವಾಗ ಅಪ್ಪ ಬೈಯುವುದು ಗಿಡವನ್ನು. ಬಿತ್ತಿದ್ದು ಹೆಗಲ ಮೇಲಿರುವವಳೇ!

ಆದರೆ ಈ ಸಂಗತಿಯಲ್ಲಿಯೇ ಒಂದು ಒಳ್ಳೆಯ ಸುಳಿವೂ ಇದೆ. ಕುರಿಯ ಹೊಟ್ಟೆಯನ್ನು ಹಾದುಬಂದ ಬೀಜದ ಗಟ್ಟಿ ಸಿಪ್ಪೆ ಮೆತ್ತಗಾಗಿ ಬೇಗ ಮೊಳೆಯುತ್ತದೆ. ಬಳ್ಳಾರಿ ಜಾಲಿಗೆ ಸಲ್ಲುವ ಈ ಮಾತು ನಮ್ಮ ನಾಡಿನ ಕರಿಜಾಲಿಗೂ ಸಲ್ಲುತ್ತದೆ. ರೊಪ್ಪದ ಗೊಬ್ಬರ ಹೊಡೆದ ಹೊಲದಲ್ಲಿ ಮೊದಲ ಮಳೆಗೆ ಹುಟ್ಟುವ ಜಾಲಿಯ ಮೊಳಕೆಗಳನ್ನು ಕಿತ್ತು ಕಿತ್ತು ಬೇಸರಪಟ್ಟ ಮಕ್ಕಳಲ್ಲಿ ನಾನೂ ಒಬ್ಬ. ಯಾರೂ ನೆಡದೆ, ಯಾರೂ ನೀರೆರೆಯದೆ, ನಮ್ಮ ಸೀಮೆಯ ಬದುಗಳ ಮೇಲೆ ನಿಂತಿರುವ ಎಷ್ಟೋ ಜಾಲಿಮರಗಳನ್ನು ಬಿತ್ತಿದ್ದು ಕುರಿಯೆಂದರೆ ತಪ್ಪಾಗಲಾರದು.

ಕುರಿ ಕಾಯುವವನಿಗೆ ಮರದ ಬೆಲೆ ಗೊತ್ತಿಲ್ಲವೆನ್ನುವವರು ಚೈತ್ರ ವೈಶಾಖಗಳ ನಡುಹಗಲಿನಲ್ಲಿ ನಮ್ಮ ಮಂದೆಯ ಜೊತೆ ಒಂದು ದಿನ ಬರಬೇಕು. ನೆರಳಿಲ್ಲದ ಬಯಲಿನಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಮತ್ತೊಂದು ತಲೆ ತೂರಿಸಿ, ಉಂಡೆಯಾಗಿ ನಿಂತು ಏದುತ್ತವೆ. ಮೇಯುವುದಿಲ್ಲ, ಕದಲುವುದಿಲ್ಲ. ಅರ್ಧ ಹರಿದಾರಿ ನಡೆದು ಒಂದು ಹುಣಸೆಮರ ಸಿಕ್ಕಿತೆಂದರೆ ಅವುಗಳಿಗೆ ಜೀವ ಬರುತ್ತದೆ. ಆ ಕಾಲಕ್ಕೆ ನೆಲದ ಮೇಲೆ ಹುಲ್ಲಿನ ಎಸಳಿರುವುದಿಲ್ಲ. ಮಂದೆಯನ್ನು ಬದುಕಿಸುವುದು ಮರಗಳೇ. ಕರಿಜಾಲಿಯ ಕಾಯಿ, ಬನ್ನಿಯ ಸೊಪ್ಪು, ತುಗ್ಗಲಿ, ಎಲಚಿ, ಅತ್ತಿ, ಆಲ. ಗುಡ್ಡದ ಕಡೆ ಕಮರ. ಅಪ್ಪ ದೋಟಿಯಿಂದ ಕೊಂಬೆಯನ್ನು ಎಳೆದು ಸೊಪ್ಪು ಇಳಿಸುವಾಗ ತುದಿಯ ಚಿಗುರನ್ನು ಬಿಟ್ಟು ಇಳಿಸುತ್ತಾರೆ. ಒಂದು ವರ್ಷ ಸವರಿದ ಮರವನ್ನು ಮರುವರ್ಷ ಮುಟ್ಟುವುದಿಲ್ಲ. ಎಲ್ಲರೂ ಹೀಗೆಯೇ ಮಾಡುತ್ತಾರೆಂದು ನಾನು ಹೇಳಲಾರೆ. ಬೋಳಿಸಿ ಬಿಡುವವರೂ ಇದ್ದಾರೆ. ಆದರೆ ಯಾವ ಮರ ಯಾವ ತಿಂಗಳು ಕುರಿಯನ್ನು ಸಾಕುತ್ತದೆಂಬ ಪಟ್ಟಿ ಅವರ ತಲೆಯಲ್ಲಿದೆ. ಲಾರಿಯಲ್ಲಿ ಬಂದ ಸಸಿಗಳ ಪಟ್ಟಿಯನ್ನು ಮಾಡುವಾಗ ಆ ತಲೆಯನ್ನು ಯಾರೂ ಕೇಳಲಿಲ್ಲ.

ಈ ಯೋಚನೆಯಲ್ಲಿದ್ದಾಗ ನಮ್ಮ ಭೂಗೋಳದ ಅಧ್ಯಾಪಕರು ಒಂದು ಇಂಗ್ಲಿಷ್ ವರದಿಯನ್ನು ಓದಲು ಕೊಟ್ಟರು. ಅದು ವೇಲ್ಸ್ ದೇಶದ ಪಾಂಟ್‌ಬ್ರೆನ್ ಎಂಬಲ್ಲಿಯ ಕುರಿ ಸಾಕಣೆಗಾರರ ಕಥೆ. ಅಲ್ಲಿಯ ಊರ ಹೆಸರುಗಳನ್ನು ಉಚ್ಚರಿಸಲು ನನ್ನ ನಾಲಿಗೆ ಒಪ್ಪಲಿಲ್ಲ; ಕಥೆ ಮಾತ್ರ ನಮ್ಮ ಹಟ್ಟಿಯದೇ ಎನ್ನುವಂತಿತ್ತು.

ವೇಲ್ಸ್ ಬ್ರಿಟನ್ನಿನ ಪಶ್ಚಿಮದ ಗುಡ್ಡಗಾಡು ನಾಡು. ಜನ ಸುಮಾರು 31 ಲಕ್ಷ. ಕುರಿಗಳು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಅಲ್ಲಿಯೂ ಮರದವರಿಗೂ ಕುರಿಯವರಿಗೂ ಹಳೆಯ ಮನಸ್ತಾಪ. ಮೊದಲ ಮಹಾಯುದ್ಧದಲ್ಲಿ ಮರಮುಟ್ಟಿಗೆ ಕಷ್ಟಪಟ್ಟ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಮುಂದಿನ ದಶಕಗಳಲ್ಲಿ ಗುಡ್ಡಗಳ ಮೇಲೆ ಉತ್ತರ ಅಮೆರಿಕದಿಂದ ತಂದ ಸಿಟ್ಕಾ ಸ್ಪ್ರೂಸ್ ಮರಗಳು ಸಾಲುಸಾಲಾಗಿ ಎದ್ದುವು. ಒತ್ತಾಗಿ ಬೆಳೆದ ಆ ಮರಗಳ ಬುಡದಲ್ಲಿ ಸದಾ ಕತ್ತಲೆ, ಹುಲ್ಲು ಹುಟ್ಟುವುದಿಲ್ಲ. ಕುರಿ ಮೇಯುತ್ತಿದ್ದ ಎಷ್ಟೋ ಒಕ್ಕಲುಗಳು ಅದರೊಳಗೆ ಮುಳುಗಿಹೋದುವು. ನಮ್ಮ ನೀಲಗಿರಿಗೆ ಅಲ್ಲೊಬ್ಬ ಅಣ್ಣನಿದ್ದಾನೆಂದುಕೊಂಡೆ. ಇನ್ನೊಂದು ಕಡೆ, ಕುರಿಗಳ ತಲೆಯೆಣಿಕೆಯ ಮೇಲೆ ಸರ್ಕಾರದ ಸಹಾಯಧನ ಸಿಗುತ್ತಿದ್ದ ವರ್ಷಗಳಲ್ಲಿ ಮಂದೆಗಳು ಬೆಳೆದು, ಗುಡ್ಡದ ಮಣ್ಣು ಗೊರಸಿನ ತುಳಿತಕ್ಕೆ ಗಟ್ಟಿಯಾಯಿತು.

ಪಾಂಟ್‌ಬ್ರೆನ್ನಿನವರು ಇದರ ನಡುವೆ ಬೇರೆ ದಾರಿ ಹಿಡಿದರು. 1997ರಲ್ಲಿ ಮೂರು ಮನೆಯವರು ಕೂಡಿ ಆರಂಭಿಸಿದ ಕೆಲಸಕ್ಕೆ 2001ರ ಹೊತ್ತಿಗೆ ನೆರೆಯವರೂ ಸೇರಿ ಒಟ್ಟು ಹತ್ತು ಮನೆಗಳಾದುವು. ಅವರಿಗೆ ಬೇಕಾಗಿದ್ದದ್ದು ಕಾಡಲ್ಲ. ಮರಿಹಾಕುವ ಕಾಲದಲ್ಲಿ ಬೀಸುವ ಚಳಿಗಾಳಿಗೆ ಒಂದು ಮರೆ, ಸಾಕುವ ಖರ್ಚಿನಲ್ಲಿ ಒಂದಿಷ್ಟು ಉಳಿತಾಯ. ಹೆಚ್ಚು ಮೇವು ಬೇಡುವ ದೊಡ್ಡ ಕುರಿಗಳನ್ನು ಕಡಿಮೆ ಮಾಡಿ ಗಟ್ಟಿಮುಟ್ಟಾದ ತಳಿಗಳಿಗೆ ತಿರುಗಿದರು. ಹೊಲದ ಅಂಚಿಗೆ, ತೊರೆಯ ದಂಡೆಗೆ, ಜೌಗು ನೆಲಕ್ಕೆ, ಎಂದರೆ ಹುಲ್ಲು ಚೆನ್ನಾಗಿ ಬಾರದ ಕಡೆಗೆಲ್ಲ, ಬೇಲಿ ಹಾಕಿ ಆ ನೆಲದವೇ ಆದ ಮರಗಳನ್ನು ನೆಟ್ಟರು. ಬೀಜವನ್ನು ಸುತ್ತಮುತ್ತಲಿಂದ ಆಯ್ದು ಸಸಿತೋಟವನ್ನೂ ತಾವೇ ಮಾಡಿಕೊಂಡರು. ಹೀಗೆ ನೆಟ್ಟದ್ದು 1,20,000ಕ್ಕೂ ಹೆಚ್ಚು ಗಿಡಮರಗಳನ್ನು. ಚಳಿಗಾಲದಲ್ಲಿ ಕುರಿಗಳ ಕೆಳಗೆ ಹಾಸಲು ಹುಲ್ಲನ್ನು ಕೊಂಡು ತರುವ ಬದಲು ತಮ್ಮ ಮರದ ಚಕ್ಕೆಪುಡಿಯನ್ನೇ ಹಾಸಿದರು. ಅದು ಕೊಳೆತ ಮೇಲೆ ಗೊಬ್ಬರವಾಯಿತು. ಇಷ್ಟೆಲ್ಲ ಮಾಡಿಯೂ ಆ ಪ್ರದೇಶದಲ್ಲಿ ಮರವಿರುವ ನೆಲ ನೂರಕ್ಕೆ ಒಂದೂವರೆ ಪಾಲು ಇದ್ದದ್ದು ಸುಮಾರು ಐದು ಪಾಲಾಯಿತು, ಅಷ್ಟೆ. ಉಳಿದದ್ದರಲ್ಲಿ ಕುರಿಗಳು ಮೇಯುತ್ತಲೇ ಇದ್ದುವು.

ನನ್ನನ್ನು ಬೆರಗುಗೊಳಿಸಿದ ಸಂಗತಿ ಮುಂದಿನದು. ಜಡಿಮಳೆಯಲ್ಲಿ ಹುಲ್ಲುಗಾವಲಿನ ಮೇಲಿಂದ ಹರಿದುಬರುವ ನೀರು ಮರದ ಪಟ್ಟಿಯನ್ನು ಮುಟ್ಟಿದೊಡನೆ ಕಾಣೆಯಾಗುವುದನ್ನು ಮೊದಲು ಗಮನಿಸಿದವರು ಆ ಸಾಕಣೆಗಾರರೇ. ಅವರ ಮಾತನ್ನು ಕೇಳಿದ ವಿಜ್ಞಾನಿಗಳು ಬಂದು ಅಳೆದರು. ಬೇಲಿಯ ಒಳಗೆ, ಕೆಲವೇ ವರ್ಷಗಳ ಎಳೆಯ ಮರಗಳ ನಡುವೆ, ನೀರು ಇಂಗುವ ವೇಗ ಪಕ್ಕದ ಕುರಿ ಮೇಯುವ ನೆಲಕ್ಕಿಂತ 60 ಪಟ್ಟು ಹೆಚ್ಚು ಇರುವುದು ಕಂಡುಬಂತು. ಗೊರಸು ತುಳಿಯದೆ ಬಿಟ್ಟ ಮಣ್ಣು ಸಡಿಲಾಗಿತ್ತು. ಬೇರುಗಳು ಆಳಕ್ಕೆ ದಾರಿ ಮಾಡಿದ್ದುವು. ಅದು ಸೆವೆರ್ನ್ ನದಿಯ ಮೇಲ್ಭಾಗ. ಅಲ್ಲಿ ಇಂಗಿದ ನೀರು ಕೆಳಗಿನ ಊರುಗಳಿಗೆ ಪ್ರವಾಹವಾಗಿ ನುಗ್ಗುವುದಿಲ್ಲ. ನಮಗೆ ಪ್ರವಾಹದ ಭಯವಿಲ್ಲ. ಆದರೆ ನಮ್ಮ ಗುಡ್ಡದ ಮೇಲೆ ಬಿದ್ದ ಮಳೆ ಅರ್ಧ ಗಂಟೆಯಲ್ಲಿ ಕೆಂಪಾಗಿ ಹಳ್ಳಕ್ಕೆ ಇಳಿದು ಓಡುವುದನ್ನು ನೋಡಿ, ಅದೇ ಊರಿನಲ್ಲಿ ಕೊಳವೆಬಾವಿಯನ್ನು ಇನ್ನೂ ನೂರು ಅಡಿ ಆಳಕ್ಕೆ ಇಳಿಸುವವರನ್ನೂ ನೋಡಿದ ನನಗೆ, ಆ ಅರವತ್ತು ಪಟ್ಟು ಎಂಬ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ವೇಲ್ಸಿನ ಸರ್ಕಾರ, ಸಹಾಯಧನ ಬೇಕಾದ ಪ್ರತಿಯೊಬ್ಬ ಸಾಕಣೆಗಾರನೂ ತನ್ನ ನೆಲದ ನೂರಕ್ಕೆ ಹತ್ತು ಪಾಲಿನಲ್ಲಿ ಮರ ಹೊಂದಿರಬೇಕೆಂಬ ಒಂದು ಯೋಜನೆಯನ್ನು ಮುಂದಿಟ್ಟಿತು. 2024ರ ಫೆಬ್ರವರಿ ಮಾರ್ಚಿಗಳಲ್ಲಿ ಗುಡ್ಡದ ಜನ ರಾಜಧಾನಿ ಕಾರ್ಡಿಫ್‌ಗೆ ಇಳಿದುಬಂದರು. ಈ ಯೋಜನೆಯಿಂದ ಅಷ್ಟು ಜನರ ಕೆಲಸ ಹೋಗುತ್ತದೆಂದು ತೋರಿಸಲು ಶಾಸನಸಭೆಯ ಮೆಟ್ಟಿಲುಗಳ ಮೇಲೆ ಹೊಲದಲ್ಲಿ ಹಾಕಿಕೊಳ್ಳುವ 5,500 ಜೊತೆ ರಬ್ಬರ್ ಬೂಟುಗಳನ್ನು ಸಾಲಾಗಿ ಇಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಆ ಹತ್ತು ಪಾಲಿನ ನಿಯಮವನ್ನು ಕೈಬಿಟ್ಟಿತು. ತಾವಾಗಿ ಲಕ್ಷಕ್ಕೂ ಮೇಲ್ಪಟ್ಟು ಮರ ನೆಟ್ಟವರೂ ಆ ನಾಡಿನ ಕುರಿಯವರೇ. ಹೇಳಿ ನೆಡಿಸುತ್ತೇವೆಂದಾಗ ಬೀದಿಗೆ ಬಂದವರೂ ಆ ನಾಡಿನ ಕುರಿಯವರೇ.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಬೂಟುಗಳ ಸಂಗತಿ ಕೇಳಿ ನಕ್ಕರು. “ನಾವು ಹಂಗೆ ಮಾಡಾಕೋದ್ರೆ ಮೆಟ್ಲು ಮ್ಯಾಲೆ ಇಡಾಕೆ ಇರೋ ಒಂದು ಜೊತೆ ಚಪ್ಲೀನೂ ಹೋಗ್ತವೆ” ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹತ್ತು ಮನೆಯೋರ ನೆಲ ಅವರದೇ ಏನ್ಲಾ?” ಎಂದು ಕೇಳಿದರು. ಹೌದೆಂದೆ. “ಗುಡ್ಡ ನಮ್ದಲ್ವಲ್ಲ” ಎಂದರು.

ಅಪ್ಪ ಓದಿದವರಲ್ಲ, ಆದರೆ ನಾನು ಓದಿದ ವರದಿಯ ಮರ್ಮವನ್ನು ಒಂದು ಪ್ರಶ್ನೆಯಲ್ಲಿ ಹಿಡಿದುಬಿಟ್ಟರು. ಅಲ್ಲಿ ಬೇಲಿ ಹಾಕಿದವನದೇ ನೆಲ, ಮರವೂ ಅವನದೇ, ನಷ್ಟವಾದರೂ ಲಾಭವಾದರೂ ಅವನಿಗೇ. ಇಲ್ಲಿ ಗುಡ್ಡ ಸರ್ಕಾರದ್ದು, ಮೇವು ಊರಿನದು. ಕುರಿಯಿರುವವರಲ್ಲಿ ಅರ್ಧ ಜನಕ್ಕೆ ಒಂದು ಗುಂಟೆ ಹೊಲವೂ ಇಲ್ಲ. ಅವರ ಪಾಲಿಗೆ ಗುಡ್ಡವೇ ಹೊಲ. ಮಳೆಯೂ ಬೇರೆ, ಅವರಿಗೆ ನಮ್ಮ ಎರಡು ಪಟ್ಟಿಗೂ ಮೇಲೆ ಬೀಳುತ್ತದೆ. ಅವರು ಮರದಿಂದ ಕೇಳಿದ್ದು ಚಳಿಗಾಳಿಗೆ ಮರೆ. ನಾವು ಕೇಳುವುದು ನೆರಳು ಮತ್ತು ಸೊಪ್ಪು. ಅವರ ಕಥೆಯನ್ನು ಇದ್ದಂತೆಯೇ ತಂದು ನಮ್ಮ ಗುಡ್ಡದ ಮೇಲೆ ಊರಲು ಬರುವುದಿಲ್ಲ. ತರಬಹುದಾದದ್ದು ಎರಡು ಸಂಗತಿ: ಮರವನ್ನು ಕುರಿಗಾಗಿ ನೆಟ್ಟರು, ಎಲ್ಲಿ, ಯಾವುದನ್ನು ನೆಡಬೇಕೆಂಬುದನ್ನು ಕುರಿಯವರೇ ಹೇಳಿದರು.

ಹುಲ್ಲಿನ ಪರವಾಗಿಯೂ ಒಂದು ಮಾತು ಹೇಳಬೇಕು. ಮರವಿಲ್ಲದ ನೆಲವೆಲ್ಲ ಬಂಜರೆಂಬ ಭಾವನೆ ನಮ್ಮ ಕಂದಾಯದ ಕಡತಗಳಿಂದ ನಮ್ಮ ತಲೆಗೂ ಇಳಿದಿದೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಕೃಷ್ಣಮೃಗ ಬಯಲಿನ ಪ್ರಾಣಿ. ಅದಕ್ಕೆ ಬೇಕಾದದ್ದು ಓಡಲು ತೆರಪು, ಮೇಯಲು ಹುಲ್ಲು. ಅಲ್ಲಿಯೂ ಬಹಳಷ್ಟು ನೆಲದಲ್ಲಿ ನೀಲಗಿರಿ ಎದ್ದು ನಿಂತಿತ್ತು. ಹುಲ್ಲುಗಾವಲೂ ಒಂದು ಕಾಡೇ; ಅದರ ಮರಗಳು ಮೊಣಕಾಲೆತ್ತರ ಇವೆ, ಅಷ್ಟೇ. ಆದುದರಿಂದ ನಮ್ಮ ಗುಡ್ಡ ತುದಿಯಿಂದ ಬುಡದವರೆಗೆ ಮರವಾಗಬೇಕೆಂದು ನಾನು ಬಯಸುವುದಿಲ್ಲ. ನೆತ್ತಿಯಲ್ಲಿ ಹುಲ್ಲಿರಲಿ. ಅಲ್ಲಿ ನೆಟ್ಟ ಸಸಿಗಳು ಹೇಗೂ ಒಣಗಿಹೋದುವು. ಅಲ್ಲಿ ಮಣ್ಣು ಒಂದು ಗೇಣಿಲ್ಲವೆಂದು ಅಪ್ಪ ಮೊದಲೇ ಹೇಳಿದ್ದರು.

ರಜೆ ಮುಗಿಯುವ ಮುನ್ನ ಊರಿನವರು ಮೂರು ಸಂಜೆ ಅರಳಿಕಟ್ಟೆಯಲ್ಲಿ ಕುಳಿತು ಒಂದು ಅರ್ಜಿಯನ್ನು ಬರೆಸಿದರು. ಬರೆದವನು ನಾನು, ಹೇಳಿದವರು ಅವರು. ಗುಡ್ಡಕ್ಕೆ ನಾಲ್ಕು ಮಗ್ಗುಲು. ಒಂದೊಂದು ಸಲಕ್ಕೆ ಒಂದೇ ಮಗ್ಗುಲನ್ನು ಮುಚ್ಚಬೇಕು. ಸಸಿಯ ಸುಳಿ ಮೇಕೆ ಹಿಂಗಾಲ ಮೇಲೆ ನಿಂತರೂ ಸಿಗದಷ್ಟು ಎತ್ತರಕ್ಕೆ ಏರಿದ ಮೇಲೆ ಆ ಮಗ್ಗುಲನ್ನು ತೆರೆದು ಮುಂದಿನದನ್ನು ಮುಚ್ಚಬೇಕು. ಮುಚ್ಚಿದ ಕಡೆ ಬೆಳೆದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಹೊರೆ ಕಟ್ಟಿ ತರಲು ಊರಿನವರಿಗೆ ಅಪ್ಪಣೆ ಇರಬೇಕು. ಹಳ್ಳದ ಎರಡು ದಂಡೆಗೂ ಬದುವಿನ ಸಾಲಿಗೂ ಮರ, ನೆತ್ತಿಗೆ ಹುಲ್ಲು. ಸಸಿಗಳಲ್ಲಿ ಕಮರ, ಬನ್ನಿ, ಕರಿಜಾಲಿ, ತುಗ್ಗಲಿ, ಅತ್ತಿ ಇರಬೇಕು. ಹೊಂಗೆ ಬೇವುಗಳೂ ಇರಲಿ. ಬಳ್ಳಾರಿ ಜಾಲಿಯನ್ನು ಕಡಿದು, ಅದರ ಮುಳ್ಳನ್ನೇ ಪ್ರತಿ ಸಸಿಯ ಸುತ್ತ ಕಟ್ಟಬೇಕು. ಕಾವಲಿಗೆ ಸರದಿಯಂತೆ ಕುರಿಯವರೇ ನಿಲ್ಲುತ್ತಾರೆ. ಸಸಿ ತಿಂದ ಮಂದೆಯ ಯಜಮಾನ ಊರಿಗೆ ದಂಡ ಕೊಡಬೇಕು. ಈ ಕೊನೆಯ ಮಾತನ್ನು ಸೇರಿಸಿದವರು ನಮ್ಮ ಹಟ್ಟಿಯಲ್ಲಿ ಹೆಚ್ಚು ಮೇಕೆಗಳಿರುವ ಮುದುಕರೊಬ್ಬರು. ಟ್ರೆಂಚು ಬಿದ್ದ ವರ್ಷ ರಾತ್ರಿ ದಾಟಿದ ಮೇಕೆಗಳು ಯಾರವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ನಗಲಿಲ್ಲ.

ಇದರಿಂದ ಎಲ್ಲವೂ ಸರಿಹೋಗುತ್ತದೆಂದು ಹೇಳುವಷ್ಟು ಭೋಳೆತನ ನನಗಿಲ್ಲ. ನಾಲ್ಕು ಮಗ್ಗುಲಿಗೆ ಐದೈದು ವರ್ಷವೆಂದರೆ ಇಪ್ಪತ್ತು ವರ್ಷದ ಕೆಲಸ. ಅಪ್ಪನಿಗೆ ಈಗಲೇ ಐವತ್ತೆಂಟು. ತಮ್ಮ ಕುರಿಯ ಹಿಂದೆ ಹೋಗಲಾರೆನೆಂದು ಈಗಲೇ ಹೇಳುತ್ತಿದ್ದಾನೆ. ಓದಿದ ನಾನು ಹೋಗುತ್ತೇನೆಂದು ಯಾರೂ ನಂಬಿಲ್ಲ. ಕಮರ ಎದ್ದು ಸೊಪ್ಪು ಕೊಡುವ ಹೊತ್ತಿಗೆ ಅದನ್ನು ತಿನ್ನಲು ಹಟ್ಟಿಯಲ್ಲಿ ಎಷ್ಟು ಕುರಿ ಉಳಿದಿರುತ್ತವೆಯೋ ಹೇಳಲಾರೆ. ಇದನ್ನು ಅಪ್ಪನಿಗೆ ಹೇಳಿದಾಗ, ಹುಣಸೆ ನೆಟ್ಟವರು ಯಾರೂ ಹುಣಸೆಹಣ್ಣಿನ ಆಸೆಗೆ ನೆಟ್ಟಿರಲಿಲ್ಲವೆಂದು ಮಾತ್ರ ಹೇಳಿ, ರೊಪ್ಪದ ಬಾಗಿಲು ಹಾಕಲು ಎದ್ದುಹೋದರು.

ಅರ್ಜಿಯ ಕೆಳಗೆ 29 ರುಜುಗಳೂ 11 ಹೆಬ್ಬೆಟ್ಟುಗಳೂ ಇವೆ, ಮನೆಗೊಂದರಂತೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಮುಂಗಾರಿಗೆ ಮೊದಲು ಬಂದರೆ ಹಳ್ಳದ ಮಗ್ಗುಲಿನಿಂದ ಆರಂಭಿಸುವುದೆಂದು ಮಾತಾಗಿದೆ. ಬಾರದಿದ್ದರೂ ನಮ್ಮ ಎರಡೆಕರೆಯ ಬದುವಿಗೆ ಊರಲೆಂದು ಅವ್ವ ರೊಪ್ಪದ ಮೂಲೆಯಿಂದ ಕರಿಜಾಲಿಯ ಬೀಜಗಳನ್ನು ಆಯ್ದು ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ. ನಮ್ಮ ಕಾಲೇಜಿನಲ್ಲಿ ಕುರಿಯ ಮನೆಗಳಿಂದ ಬಂದವರು ನಾನೊಬ್ಬನೇ ಅಲ್ಲವೆಂದು ಬಲ್ಲೆ. ನಿಮ್ಮೂರಿನ ಗುಡ್ಡಕ್ಕೆ ಯಾವ ಮರ ಬೇಕೆಂದು ಮನೆಯ ಹಿರಿಯರನ್ನು ಕೇಳಿ, ಬರೆದು ತನ್ನಿರಿ. ನಲವತ್ತು ಮನೆಯ ಅರ್ಜಿಗೆ ಬಾರದ ಉತ್ತರ ನಾಲ್ಕು ಊರಿನ ಅರ್ಜಿಗೆ ಬಂದೀತು.